ಮುಖಪುಟದ ಮೇಲಿನ ಅವ್ವ

ಅಪ್ಪ ಬರೆದದ್ದು ಒಂದೇ ಕಾದಂಬರಿ, 'ತೂಬಿನಾಚೆ'. ಅದಕ್ಕೆ ಈವರೆಗೆ ನಾಲ್ಕು ಮುದ್ರಣಗಳಾಗಿವೆ. ಒಳಗಿನ ಒಂದಕ್ಷರವೂ ಬದಲಾಗಿಲ್ಲ. ಮೊದಲ ಮುದ್ರಣದ ಅಚ್ಚಿನ ತಪ್ಪುಗಳು ಕೂಡ ಹಾಗೆಯೇ ಉಳಿದುಕೊಂಡಿವೆ. ಬದಲಾದದ್ದು ಮುಖಪುಟ ಮಾತ್ರ. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರೆ ನೋಡಿದವರು ಕಾಲ ಬದಲಾದ ಹಾಗೆ ಅಭಿರುಚಿ ಬದಲಾಗಿದೆ ಅನ್ನುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಗೆಂದೇ ಒಂದು ಪ್ರಬಂಧ ಬರೆದು ತೋರಿಸಿದ್ದಳು. ಸಿಂಧನೂರಿನ ಕಾಲೇಜಿನಲ್ಲಿ ಇಡೀ ಆಯುಷ್ಯ ಕನ್ನಡ ಕಲಿಸಿದವಳು ನಾನು, ಅವಳ ತಪ್ಪು ತಿದ್ದಬೇಕಿತ್ತು. ಕಾಗುಣಿತ ಮಾತ್ರ ತಿದ್ದಿ ಕೊಟ್ಟೆ. ನಮ್ಮ ಮನೆ ಒಡೆದದ್ದೇ ಆ ಹಾಳೆಗಳಿಂದ ಎಂದು ಅವಳಿಗೆ ಹೇಗೆ ಹೇಳಲಿ?

ಮಸ್ಕಿಯಲ್ಲಿ ನಮ್ಮದು ಸಣ್ಣ ಮಣ್ಣಿನ ಮಾಳಿಗೆಯ ಮನೆ. ಪಡಸಾಲೆ, ನಡುಮನೆ, ಅದರ ಹಿಂದೆ ಅಡುಗೆಮನೆ. ಪಕ್ಕದಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದ ಒಂದು ಕೋಣೆ, ಈಗ ಅಪ್ಪನ ಬರೆಯುವ ಕೋಣೆ. ಅಪ್ಪ ಹೈಸ್ಕೂಲು ಮಾಸ್ತರ. ಪಡಸಾಲೆಯ ಕಿಟಕಿಯ ಕೆಳಗೆ ಅವ್ವನ ಹೊಲಿಗೆ ಮಷಿನ್ ಇತ್ತು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅವಳೇ ಕುಪ್ಪಸ ಹೊಲಿಯುತ್ತಿದ್ದಳು. ಅಪ್ಪ ಸಾಲೆಯಿಂದ ಬಂದು ಬರೆಯಲು ಕೂತ ಕೂಡಲೇ ಮಷಿನ್ನಿನ ಗಾಲಿ ನಿಲ್ಲಬೇಕಿತ್ತು, ಅದರ ಸದ್ದಿಗೆ ಅವನ ಓಘ ತಪ್ಪುತ್ತಿತ್ತು. ಆಗ ಅವ್ವ ಬಾಗಿಲ ಬಳಿ ಬೆಳಕಿಗೆ ಕೂತು ಕೈಯಿಂದಲೇ ಗುಂಡಿ ಹಚ್ಚುತ್ತಿದ್ದಳು. ನಾನು ತುದಿಗಾಲಲ್ಲಿ ಓಡಾಡುತ್ತಿದ್ದೆ. ಅಪ್ಪನ ತಾಯಿ, ನಮ್ಮ ಆಯಿ, ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಇದೆಲ್ಲ ನಮಗೆ ಕಷ್ಟ ಅನ್ನಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಪುಸ್ತಕ ಹುಟ್ಟುತ್ತಿದೆ ಎಂಬ ಹೆಮ್ಮೆ ಇತ್ತು.

ಊಟದ ಹೊತ್ತಿಗೆ ಅಪ್ಪ ಒಲೆಯ ಎದುರಿಗೇ ಮಣೆ ಹಾಕಿಕೊಂಡು ಕೂರುತ್ತಿದ್ದ. ಅವ್ವ ರೊಟ್ಟಿ ಬಡಿದು ಬಿಸಿಬಿಸಿ ಹಾಕುತ್ತಿದ್ದಳು, ಪುಂಡಿಪಲ್ಲೆ ಬಡಿಸುತ್ತಿದ್ದಳು. ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಅವ್ವನ ತವರು ತುರ್ವಿಹಾಳ, ಕಾಲುವೆಯ ಊರು. ಅಪ್ಪನ ಕಾದಂಬರಿ ಕಾಲುವೆಯ ಕಥೆ. ಮೊದಲ ಸಲ ನೀರು ಬಿಟ್ಟಾಗ ಹೆಣ್ಣುಮಕ್ಕಳು ಏನಂದರು, ತೂಬಿನ ಬಾಗಿಲು ಎತ್ತುವಾಗ ಸದ್ದು ಹೇಗಿರುತ್ತದೆ, ಗದ್ದೆಯ ಕೆಸರು ಕಾಲಿಗೆ ಒಣಗಿದರೆ ಚರ್ಮ ಹೇಗೆ ಬಿಗಿಯುತ್ತದೆ, ಎಲ್ಲವನ್ನೂ ಅವಳು ಹೇಳುತ್ತಿರುವಾಗಲೇ ಹಂಚಿನ ಮೇಲಿನ ರೊಟ್ಟಿ ಕರಕಲಾಗುತ್ತಿತ್ತು. ಅಪ್ಪ ಕೈ ತೊಳೆಯುವ ಮೊದಲೇ ಎದ್ದು ಹೋಗಿ ಎಡಗೈಯಲ್ಲಿ ಒಂದು ಸಾಲು ಗೀಚಿಕೊಂಡು ಬರುತ್ತಿದ್ದ. ಆ ಪುಸ್ತಕವನ್ನು ಇಬ್ಬರೂ ಸೇರಿ ಬರೆಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಅವ್ವನೂ ಹಾಗೇ ತಿಳಿದಿದ್ದಳು ಅಂತ ಕಾಣುತ್ತದೆ.

ಪುಸ್ತಕ ಅಚ್ಚಾದದ್ದು ಸಿಂಧನೂರಿನ ಒಂದು ಪ್ರೆಸ್ಸಿನಲ್ಲಿ. ಒಂದು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕಟ್ಟು ಬಂತು. ಮೊದಲು ದೇವರ ಜಗುಲಿಯ ಮುಂದಿಟ್ಟು ವಿಭೂತಿ ಹಚ್ಚಬೇಕೆಂದು ಆಯಿ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪ ಹುರಿ ಕತ್ತರಿಸಿ ಮೇಲಿನ ಕಾಗದ ಬಿಚ್ಚಿದ. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಮುಖಪುಟದ ಮೇಲೆ ಕಾಲುವೆಯ ದಂಡೆ. ದಂಡೆಯ ಮೇಲೆ ಒಬ್ಬ ಹೆಂಗಸು, ಬಿಚ್ಚಿದ ಕೂದಲು ಮೊಣಕಾಲಿನವರೆಗೆ, ಗಾಳಿಗೆ ಜಾರಿದ ಸೆರಗು. ಅವಳ ಹಿಂದೆ ನೀರಿನ ಮೇಲೆ ಟೊಪ್ಪಿಗೆ ಹಾಕಿದ ಗಂಡಸಿನ ನೆರಳು. ಹೆಂಗಸಿನ ಎಡಗಣ್ಣಿನ ಕೆಳಗೆ ಒಂದು ಮಚ್ಚೆ. ಆ ಮಚ್ಚೆಯನ್ನು ನಾನು ದಿನಾ ಬೆರಳಿನಿಂದ ಮುಟ್ಟಿ ಆಡುತ್ತಿದ್ದೆ. ಅದು ನನ್ನ ಅವ್ವ.

ಆಯಿಗೆ ಓದಲು ಬರುತ್ತಿರಲಿಲ್ಲ. ಅವಳು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದಳು.

"ಯಪ್ಪಾ, ಇದು ನಮ್ಮ ಶರಣಮ್ಮ ಅಲ್ಲೇನೋ?"

"ಬರೇ ಚಿತ್ರ ಯವ್ವಾ ಅದು. ಕಾದಂಬರಿಯೊಳಗಿನ ನೀಲವ್ವ ಆಕಿ."

"ಯಾರಾಕಿ ನೀಲವ್ವ? ಏನ್ ಮಾಡ್ತಾಳ?"

"ಗಂಡನ ಮನಿ ಬಿಟ್ಟು ಹೋಗ್ತಾಳ," ಎಂದ ಅಪ್ಪ, ಪುಟ ತಿರುವುತ್ತ. ಅವನ ಕಣ್ಣು ಅಚ್ಚಾದ ತನ್ನ ಹೆಸರಿನ ಮೇಲಿತ್ತು.

ಆಯಿ ಪುಸ್ತಕವನ್ನು ನೆಲಕ್ಕಿಟ್ಟಳು, ವಿಭೂತಿ ತಟ್ಟೆಯನ್ನು ಒಳಗೆ ಒಯ್ದಳು. ಅವ್ವ ನಿಂತಲ್ಲೇ ನಿಂತಿದ್ದಳು. ಹಂಚು ಕಾದು ಹೊಗೆ ಬಂದಾಗ ನಾನೇ ಹೋಗಿ ಅದನ್ನು ಇಳಿಸಿದೆ.

ಆಮೇಲೆ ಆದದ್ದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದು ನಿಧಾನವಾಗಿಯೇ ಆಯಿತು. ಮಸ್ಕಿಯ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯವನು ಪುಸ್ತಕಗಳನ್ನು ದಾರಕ್ಕೆ ಚಿಮಟಿಯಿಂದ ಸಿಕ್ಕಿಸಿ ತೂಗುಹಾಕಿದ. ಓದಿದವರು ಬೆರಳೆಣಿಕೆಯಷ್ಟು, ನೋಡಿದವರು ಊರೆಲ್ಲ. ಮಾಸ್ತರ ತನ್ನ ಹೆಂಡತಿಯ ಕಥೆಯನ್ನೇ ಬರೆದಿದ್ದಾನೆ ಎಂಬ ಮಾತು ಸಂತೆಯಲ್ಲಿ ಹುಟ್ಟಿ ನಮ್ಮ ಓಣಿಗೆ ಬರಲು ಒಂದು ವಾರ ಹಿಡಿಯಿತು. ಎದುರು ಮನೆಯ ಬಸಮ್ಮ ಹೊಲಿಯಲು ಕೊಟ್ಟಿದ್ದ ಕುಪ್ಪಸದ ಕಣವನ್ನು ವಾಪಸು ಒಯ್ಯಲು ಬಂದಳು. "ಅವಸರ ಏನಿಲ್ರೀ, ಸಿಂಧನೂರಾಗ ಹೊಲಿಸಿದರಾತು," ಅಂದಳು, ಅವ್ವನ ಮುಖ ನೋಡದೆ. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಸೋಮವಾರ ಮಠಕ್ಕೆ ಹೋದರೆ ಹೆಂಗಸರು ಸರಿದು ಜಾಗ ಬಿಟ್ಟರು. ಅದು ಮರ್ಯಾದೆಯ ಜಾಗವಾಗಿರಲಿಲ್ಲ. ಪೂಜೆಗೆ ನೀರು ತರುವುದು ಬೇಡ ಎಂದು ಆಯಿ ಅವ್ವನ ಕೈಯಿಂದ ತಂಬಿಗೆ ಇಸಿದುಕೊಂಡಳು. ಸಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಒಂದು ದಿನ ಮೆಲ್ಲಗೆ ಕೇಳಿದಳು:

"ನಿಮ್ಮವ್ವ ಯಾವಾಗ ಹೋಗ್ತಾಳ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಹಬ್ಬ ಯಾವಾಗ ಎಂದು ಕೇಳುವ ಹಾಗೆ ಕೇಳಿದಳು. ಅಂದಿನಿಂದ ನಾನು ಸಾಲೆ ಬಿಟ್ಟ ಕೂಡಲೇ ಓಡಿ ಬಂದು, ಬಾಗಿಲ ಹೊರಗೆ ಅವ್ವನ ಚಪ್ಪಲಿ ಇದೆಯೋ ಇಲ್ಲವೋ ನೋಡಿ, ಆಮೇಲೆ ಉಸಿರು ಬಿಡುತ್ತಿದ್ದೆ.

ಅವ್ವ ಅಪ್ಪನ ಕೋಣೆಯ ಹೊಸ್ತಿಲ ಮೇಲೆ ನಿಂತು ಬೇಡಿಕೊಂಡದ್ದು ನನಗೆ ಅಕ್ಷರಶಃ ನೆನಪಿದೆ.

"ಆ ಹಾಳಿ ಹರದು ಬ್ಯಾರೇದು ಹಾಕಸ್ರಿ. ಕೈ ಮುಗೀತೀನಿ."

"ಒಳಗ ಏನೈತಿ ಅಂತ ಓದಿದವರಿಗೆ ತಿಳೀತೈತಿ ಶರಣಮ್ಮ. ನೀಲವ್ವ ಎಂಥಾಕಿ ಅಂತ ಗೊತ್ತಾಗತೈತಿ."

"ಯಾರೂ ಓದಂಗಿಲ್ರೀ. ಎಲ್ಲಾರೂ ನೋಡ್ತಾರ."

"ಮಂದಿ ಮಾತಿಗೆ ಹೆದರಿದರ ಬರಿಯೋದು ಹೆಂಗ?"

"ನನ್ನ ಮಾರಿ ಯಾಕ ಕೊಟ್ರಿ? ಒಂದ್ ಮಾತು ನನ್ನ ಕೇಳಬೇಕಿತ್ತಿಲ್ಲೋ?"

ಅಪ್ಪ ಪೆನ್ನಿನ ಟೊಪ್ಪಿ ಹಾಕಿ ತೆಗೆದು ಮಾಡುತ್ತ ಕೂತ. ಮರುದಿನ ಅವನು ಸಾಲೆಗೆ ಹೋದ ಮೇಲೆ ಅವ್ವ ನನ್ನ ಕೈ ಹಿಡಿದುಕೊಂಡು ಸಿಂಧನೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡಿದ್ದಳು. ಚಿತ್ರದ ಮೂಲೆಯಲ್ಲಿ ಬರೆದಿದ್ದ ಹೆಸರನ್ನು ಕೇಳುತ್ತ ಕೇಳುತ್ತ ಹೋದೆವು. ಖಾಜಾಸಾಬ ಸಿನಿಮಾ ಬೋರ್ಡು ಬರೆಯುವ ಪೇಂಟರ್. ಟಾಕೀಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ, ಗೋಡೆಯೆತ್ತರದ ನಾಯಕನ ಗಲ್ಲಕ್ಕೆ ಬಣ್ಣ ಹಚ್ಚುತ್ತ ಏಣಿಯ ಮೇಲೆ ನಿಂತಿದ್ದ. ಅವ್ವ ಸೆರಗು ಸರಿಸಿದಳು. ಅವನು ಕೆಳಗೆ ನೋಡಿದವನು ಕುಂಚ ಹಿಡಿದೇ ಏಣಿ ಇಳಿದು ಬಂದ.

"ಅಕ್ಕಾರ... ನೀವು ಬದುಕೀರಿ?"

ಅವ್ವನಿಗೆ ಅರ್ಥವಾಗಲಿಲ್ಲ. ಅವನು ಕುಂಚವನ್ನು ಕೆಳಗಿಟ್ಟ.

"ಮಾಸ್ತರ್ ಸಾಬ್ರು ಫೋಟೋ ತಂದು ಕೊಟ್ಟರು. ಬದುಕಿದ್ದ ಹೆಣ್ಮಗಳ ಮಾರಿ ಆಕೀನ್ನ ಕೇಳದ ನಾ ಬರಿಯಂಗಿಲ್ರೀ ಅಂದೆ. ಮನ್ಯಾಗ ಅಕ್ಕ-ತಂಗ್ಯಾರು ನನಗೂ ಅದಾರ. ಆಗ ಅವರು, ಆಕಿ ತೀರಿಕೊಂಡಾಳ, ಬರಿ ಅಂದ್ರು. ಖುದಾ ಕಸಮ್ ಅಕ್ಕಾರ, ನನಗ ಗೊತ್ತಿರಲಿಲ್ಲ."

ಅವ್ವ ಅಲ್ಲಿದ್ದ ಬಣ್ಣದ ಡಬ್ಬಿಯ ಮೇಲೆ ಕೂತುಬಿಟ್ಟಳು. ಅಳಲಿಲ್ಲ. "ತೀರಿಕೊಂಡಾಳ ಅಂದ್ರಾ?" ಎಂದು ಕೇಳಿದಳು. ಖಾಜಾಸಾಬ ತಲೆ ತಗ್ಗಿಸಿ ಹೂಂ ಅಂದ.

ಆ ಮನುಷ್ಯ ಮಾಡಿದ್ದನ್ನು ನಾನು ಮರೆಯಲಾರೆ. ತನ್ನ ಕೆಲಸ ಬದಿಗಿಟ್ಟು ಬೇರೊಂದು ಚಿತ್ರ ಬರೆದ: ಬರೀ ತೂಬು, ಕಲ್ಲಿನ ಕಂಬ, ನೀರು. ಪರಿಚಯದ ಪ್ರೆಸ್ಸಿನವನಿಂದ ಅದನ್ನು ತೆಳು ಹಾಳೆಯ ಮೇಲೆ ಅಚ್ಚು ಹಾಕಿಸಿದ. ಹೇಳಿ ಕಳಿಸಿದಾಗ ನಾವು ಮತ್ತೆ ಹೋದೆವು. ಪ್ರೆಸ್ಸಿನಲ್ಲಿ ಮಾರಾಟವಾಗದೆ ಉಳಿದ ಪುಸ್ತಕಗಳ ಕಟ್ಟುಗಳನ್ನು ಶೆಡ್ಡಿಗೆ ತಂದಿಟ್ಟಿದ್ದ, ಪೇಪರ್ ಅಂಗಡಿಯಲ್ಲಿದ್ದವನ್ನೂ ಇಸಿದುಕೊಂಡು ಬಂದಿದ್ದ. ಅವನ ಹೆಂಡತಿ ಮೈದಾ ಅಂಟು ಕುದಿಸಿ ಕೊಟ್ಟಳು. ಅವ್ವ ಅಂಟು ಸವರುವುದು, ಖಾಜಾಸಾಬ ಹಾಳೆ ಕೂಡಿಸುವುದು, ನಾನು ಅರಿವೆಯ ಉಂಡೆಯಿಂದ ತೀಡುವುದು. ಪ್ರತಿ ಪುಸ್ತಕದ ಮೇಲೂ ನನ್ನ ಅಂಗೈಯ ಕೆಳಗೆ ಅವ್ವನ ಮುಖ ಮುಚ್ಚಿ ಹೋಗುತ್ತಿತ್ತು. ಮಧ್ಯಾಹ್ನ ಅವರ ಮನೆಯಲ್ಲೇ ಉಂಡೆವು. ಎಷ್ಟೋ ದಿನಗಳ ಮೇಲೆ ಅವ್ವ ಎರಡನೆಯ ಸಲ ಸಾರು ಹಾಕಿಸಿಕೊಂಡಳು.

ಅದರಿಂದ ಆದದ್ದು ಇನ್ನೂ ಕೆಟ್ಟದ್ದು. ಪುಸ್ತಕಗಳು ಅಂಗಡಿಗೆ ಮರಳಿದವು, ಅಪ್ಪ ಅದು ಪ್ರೆಸ್ಸಿನವರ ಕೆಲಸವೆಂದೇ ತಿಳಿದ. ಒಣಗಿದ ಮೇಲೆ ತೆಳು ಹಾಳೆ ಸುಕ್ಕಾಯಿತು. ಮಾಸ್ತರ ಏನನ್ನೋ ಮುಚ್ಚಿಟ್ಟಿದ್ದಾನೆ ಎಂದು ಮಂದಿಗೆ ಗೊತ್ತಾಯಿತು. ಅಂಗಡಿಯ ಮುಂದೆ ಬಸ್ಸು ಕಾಯುವವರು ಸುಮ್ಮನೆ ನಿಂತು ಉಗುರಿನಿಂದ ಮೂಲೆ ಎಬ್ಬಿಸತೊಡಗಿದರು. ಮೊದಲು ನೋಡದವರೂ ಈಗ ಕೆರೆದು ನೋಡಿದರು. ಒಂದು ಸಂಜೆ ಸಂತೆಯಿಂದ ಬರುತ್ತ ನಾನೂ ಅವ್ವನೂ ಆ ಅಂಗಡಿಯ ಮುಂದೆ ನಿಂತುಬಿಟ್ಟೆವು. ದಾರಕ್ಕೆ ತೂಗುತ್ತಿದ್ದ ಪುಸ್ತಕದಲ್ಲಿ ತೂಬಿನ ಚಿತ್ರ ಅರ್ಧ ಹರಿದು, ಒಳಗಿನಿಂದ ಅವ್ವನ ಒಂದು ಕಣ್ಣು ಮತ್ತು ಆ ಮಚ್ಚೆ ಹೊರಗೆ ನೋಡುತ್ತಿದ್ದವು. ಅಲ್ಲಿದ್ದ ಇಬ್ಬರು ಗಂಡಸರು ಪುಸ್ತಕವನ್ನೂ ನೋಡಿದರು, ಅವ್ವನನ್ನೂ ನೋಡಿದರು. ಒಬ್ಬ ನಕ್ಕ.

ಮರುದಿನ ಮಧ್ಯಾಹ್ನ ಊಟಕ್ಕೆಂದು ಸಾಲೆಯಿಂದ ಬಂದೆ. ಪಡಸಾಲೆಯಲ್ಲಿ ಅವ್ವ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಕೂತಿದ್ದಳು. ಅವಳ ಸುತ್ತ ನೆಲದ ಮೇಲೆ ಕೂದಲು. ಎಣ್ಣೆ ಹಚ್ಚಿ ಬಾಚಲು ನನ್ನ ಎರಡು ಕೈ ಸಾಲದಿದ್ದ ಆ ಕೂದಲು, ಕಿವಿಯ ಮಟ್ಟಕ್ಕೆ ಎರ್ರಾಬಿರ್ರಿ ಕತ್ತರಿಸಿ ಬಿದ್ದಿತ್ತು. ನನ್ನ ಕಡೆ ತಿರುಗಿ ಕೇಳಿದಳು:

"ಹೇಳು ಗಿರಿಜಾ. ಈಗ ನಾ ಆಕಿ ಹಂಗ ಕಾಣ್ತೀನೇನು?"

ನಾನು ಅಳುತ್ತ ಇಲ್ಲ ಎಂದೆ. ಅದು ಸುಳ್ಳು. ಮುಖ ಬಯಲಾಗಿ ಮಚ್ಚೆ ಮೊದಲಿಗಿಂತ ಎದ್ದು ಕಾಣುತ್ತಿತ್ತು. ಹಿತ್ತಲಿನಿಂದ ಬಂದ ಆಯಿ ಹಣೆ ಹಣೆ ಬಡಿದುಕೊಂಡಳು. "ಗಂಡ ಇದ್ದಾಕಿ ಕೂದಲಕ್ಕ ಕತ್ರಿ ಹಾಕ್ತಾಳೇನಬೇ? ನನ್ನ ಮಗ ಇನ್ನೂ ಬದುಕ್ಯಾನ!" ಎಂದು ಕೂಗಿದಳು. ಸಂಜೆ ಅಪ್ಪ ಬಂದವನು ಬಾಗಿಲಲ್ಲೇ ನಿಂತ. ಅವನ ಬಾಯಿಂದ ಬಂದ ಮೊದಲ ಮಾತು ಇದು:

"ಮಂದಿ ಏನಂತಾರ?"

ಅವ್ವ ನಕ್ಕಳು. ಎಷ್ಟು ಜೋರಾಗಿ ನಕ್ಕಳೆಂದರೆ ನನಗೆ ಹೆದರಿಕೆಯಾಗಿ ಆಯಿಯ ಸೆರಗು ಹಿಡಿದುಕೊಂಡೆ. ಬೆಳಗಾಗುತ್ತಲೇ ನಾನೂ ಅವ್ವನೂ ಒಂದು ಟ್ರಂಕು ತೆಗೆದುಕೊಂಡು ಲಿಂಗಸೂಗೂರಿನ ಬಸ್ಸು ಹತ್ತಿದೆವು. ಊರಿನವರು ಕಾದಿದ್ದ ಹಾಗೆಯೇ ಆಯಿತು. ನೀಲವ್ವನ ಹಾಗೆ ಅವ್ವನೂ ಗಂಡನ ಮನೆ ಬಿಟ್ಟಿದ್ದಳು.

ಲಿಂಗಸೂಗೂರಿನಲ್ಲಿ ಮಾಮ, ಅಂದರೆ ಅವ್ವನ ಅಣ್ಣ, ಕಚೇರಿಯಲ್ಲಿ ಗುಮಾಸ್ತನಾಗಿದ್ದ. ತಂಗಿಯ ತಲೆ ನೋಡಿದ, ಮುಂದಿನ ಕೋಣೆ ಖಾಲಿ ಮಾಡಿಸಿ ಕೊಟ್ಟ. ಅಲ್ಲಿ ಅವ್ವ ಮೊದಲ ಸಲ ಆ ಕಾದಂಬರಿಯನ್ನು ಓದಿದಳು. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಸಾಲಿನ ಕೆಳಗೆ ಬೆರಳಿಟ್ಟು ತುಟಿ ಅಲುಗಿಸುತ್ತ, ಹಲವು ಮಧ್ಯಾಹ್ನ ಓದಿದಳು. ನಡುನಡುವೆ ನಿಲ್ಲಿಸಿ, "ಇದು ನಾ ಅಂದ ಮಾತು," ಅನ್ನುತ್ತಿದ್ದಳು. ಮುಗಿಸಿದ ದಿನ ಪುಸ್ತಕ ಮುಚ್ಚಿ ಬೋರಲಾಗಿ ಇಟ್ಟಳು.

"ಒಳಗಿನಾಕಿ ಒಳ್ಳೇಕಿ ಗಿರಿಜಾ. ಆಕೀಗೆ ಅನ್ಯಾಯ ಆಗೈತಿ. ಹೊರಗ ನಿಂತಾಕೀನ ನನ್ನ ಕೆಡಿಸಿದಾಕಿ."

ಎರಡು ತಿಂಗಳ ಮೇಲೆ ಅಪ್ಪ ಬಂದ. ಕಟ್ಟೆಯ ಮೇಲೆ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಸೊರಗಿದ್ದ. ಅವ್ವ ನೀರಿನ ತಂಬಿಗೆ ತಂದಿಟ್ಟು ಬಾಗಿಲಿಗೆ ಆತು ನಿಂತಳು.

"ಮನಿಗೆ ಬಾ ಶರಣಮ್ಮ. ಕರಕೊಂಡು ಹೋಗಾಕ ಬಂದೀನಿ."

"ಸತ್ತಾಕೀನ್ನ ಹೆಂಗ ಕರಕೊಂಡು ಹೋಗ್ತೀರಿ?"

ಅಪ್ಪನ ಮುಖ ಬೂದಿಯಾಯಿತು. ಖಾಜಾಸಾಬ ಹೇಳಿಬಿಟ್ಟಿದ್ದಾನೆಂದು ಅವನಿಗೆ ಆಗಲೇ ತಿಳಿದದ್ದು. ನೀರು ಕುಡಿದು, ತಂಬಿಗೆಯನ್ನು ನಿಧಾನವಾಗಿ ಕೆಳಗಿಟ್ಟು, ಬಸ್ ನಿಲ್ದಾಣದ ಕಡೆ ನಡೆದುಹೋದ. ಮರುವರ್ಷ ಎರಡನೆಯ ಮುದ್ರಣ ಬಂತು. ಮಣ್ಣಿನ ಬಣ್ಣದ ಹಾಳೆ, ಮೇಲೆ ಬರೀ ಹೆಸರು, ಚಿತ್ರವೇ ಇಲ್ಲ. ಅಂಚೆಯಲ್ಲಿ ಒಂದು ಪ್ರತಿ ಕಳಿಸಿದ್ದ, ಪತ್ರ ಇರಲಿಲ್ಲ. ಅವ್ವ ಆ ಖಾಲಿ ಮುಖಪುಟದ ಮೇಲೆ ಬೆರಳಾಡಿಸಿ ನೋಡಿ ಟ್ರಂಕಿನಲ್ಲಿಟ್ಟಳು. ಆಯಿ ಬಿದ್ದು ಸೊಂಟ ಮುರಿದುಕೊಂಡಾಗ, ಯಾರೂ ಕರೆಯದಿದ್ದರೂ, ಅವ್ವನೇ ನನ್ನನ್ನೂ ಕರೆದುಕೊಂಡು ಮಸ್ಕಿಗೆ ಹೊರಟಳು. ಆಯಿಯ ಹೇಲು ಉಚ್ಚೆ ಬಳಿದಳು, ಕೊನೆಯ ತನಕ ನೋಡಿಕೊಂಡಳು. ಅಪ್ಪನಿಗೂ ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕಿದಳು. ಆದರೆ ಒಲೆಯ ಮುಂದಿನ ಆ ಮಾತು ಮತ್ತೆ ಬರಲಿಲ್ಲ. ಅಪ್ಪ ಏನನ್ನೂ ಕೇಳಲಿಲ್ಲ, ಅವಳು ಏನನ್ನೂ ಹೇಳಲಿಲ್ಲ, ಅವನು ಇನ್ನೊಂದು ಸಾಲು ಬರೆಯಲಿಲ್ಲ. ರೊಟ್ಟಿ ಮುರಿಯುವ ಸದ್ದು ಮಾತ್ರ ಇದ್ದ ಆ ಅಡುಗೆಮನೆಯಲ್ಲಿ ನಾನು ಬೆಳೆದೆ. ನನ್ನ ಮದುವೆಯ ಮಾತು ಬಂದಾಗಲೆಲ್ಲ ನನಗೆ ಆ ಸದ್ದೇ ಕೇಳಿಸುತ್ತಿತ್ತು. ಮದುವೆಯಾಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಕಾದಂಬರಿ ಪಠ್ಯವಾಯಿತು. ಮೂರನೆಯ ಮುದ್ರಣಕ್ಕೆ ಕಾಲುವೆಯ ಫೋಟೋ ಹಾಕಿದರು, ನೀರಿನ ಬದಿಗೆ ಎರಡು ಬೆಳ್ಳಕ್ಕಿ. ಅವ್ವ ಸಿಂಧನೂರಿಗೆ ನನ್ನ ಮನೆಗೆ ಬಂದಳು. ನಾವಿಬ್ಬರೇ. ವರ್ಷಗಳು ಹಾಗೇ ಕಳೆದವು. ಮೊನ್ನೆ ಮೊನ್ನೆ, ನಾನು ನಿವೃತ್ತಳಾದ ಮೇಲೆ, ದೂರದ ಪ್ರಕಾಶಕರೊಬ್ಬರು ಹೊಸ ಮುದ್ರಣಕ್ಕೆ ಅನುಮತಿ ಕೇಳಿದರು. ಫೋನಿಗೆ ಮೂರು ಮುಖಪುಟ ಕಳಿಸಿ, ಯಾವುದು ಇರಲಿ ಮೇಡಂ ಎಂದರು. ಒಂದರಲ್ಲಿ ತೂಬಿನ ಗೆರೆಚಿತ್ರ, ಒಂದರಲ್ಲಿ ಬರೀ ಅಕ್ಷರ. ಮೂರನೆಯದು ಖಾಜಾಸಾಬ ಬರೆದ ಮೊದಲ ಚಿತ್ರ. ಯಾವುದೋ ಗ್ರಂಥಾಲಯದ ಪ್ರತಿಯಿಂದ ತೆಗೆದು, ಕಲೆ ಒರೆಸಿ, ಬಣ್ಣ ಮರಳಿ ತುಂಬಿದ್ದರು. ನಾನು ಪಡಸಾಲೆಯಲ್ಲಿ ಕೂತು ಅದನ್ನು ದೊಡ್ಡದು ಮಾಡಿ ನೋಡಿದೆ. ಜೀವನದಲ್ಲಿ ಮೊದಲ ಸಲ ಹೆದರಿಕೆಯಿಲ್ಲದೆ ನೋಡಿದೆ. ಎಷ್ಟು ಚೆಲುವೆಯಾಗಿದ್ದಳು! ಗಾಳಿಗೆ ಎದುರಾಗಿ ನಿಂತ ಆ ಹೆಂಗಸಿನಲ್ಲಿ ಕೆಟ್ಟದ್ದೇನಿದೆ? ಕಾಲ ಬದಲಾಗಿದೆ, ಈಗ ಯಾರು ಏನನ್ನುತ್ತಾರೆ, ಅವಳ ಮುಖಕ್ಕೆ ಈಗಲಾದರೂ ಮರ್ಯಾದೆ ಸಿಗಲಿ ಎಂದುಕೊಂಡೆ. ಅವ್ವ ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರ. ನಾನು 'ಮೂರನೆಯದು' ಎಂದು ಬರೆದು ಕಳಿಸಿದೆ.

ಪುಸ್ತಕಗಳು ಬಂದ ದಿನ ನಾನು ಬ್ಯಾಂಕಿಗೆ ಹೋಗಿದ್ದೆ. ಮರಳಿ ಬಂದಾಗ ಕಟ್ಟು ಬಿಚ್ಚಿತ್ತು, ಅವ್ವ ಒಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಬೆಳ್ಳಗಾದ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದಳು.

"ಇದನ್ನ ಯಾರು ಆರಿಸಿದ್ರು?"

"ನಾನ ಅವ್ವಾ."

"ನಾ ಒಳಗಿದ್ನಿಲ್ಲೋ?"

"ಚಂದ ಐತಿ ಅಂತ... ಈಗ ಯಾರೂ ಏನೂ ಅನ್ನಂಗಿಲ್ಲವ್ವಾ."

"ಮಂದಿ ವಿಷಯ ಬಿಡು. ಹೆಚ್ಚು ಓದಲಾರದಾಕಿ ಅಂತ ನಿಮ್ಮಪ್ಪ ಕೇಳಲಿಲ್ಲ. ನೀ ಎಲ್ಲಾ ಕಂಡಾಕಿ. ಅಂಟು ತಿಕ್ಕಿದಾಕಿ. ನೀ ಯಾಕ ಕೇಳಲಿಲ್ಲ?"

ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಳ್ಳಲಿಲ್ಲ, ನನ್ನ ತಲೆಯ ಮೇಲೆ ಕೈಯನ್ನೂ ಇಡಲಿಲ್ಲ. ಮೂರನೆಯ ದಿನ, "ಲಿಂಗಸೂಗೂರಿಗೆ ಬಿಟ್ಟು ಬಾ," ಎಂದಳು. ಮಾಮ ಈಗಿಲ್ಲ, ಅವನ ಸೊಸೆ ಒಳ್ಳೆಯವಳು, ಕೈಚೀಲ ಇಸಿದುಕೊಂಡು ಒಳಗೆ ಕರೆದುಕೊಂಡಳು. ನಾನು ಸಿಂಧನೂರಿಗೆ ಮರಳಿ ಪ್ರಕಾಶಕರಿಗೆ ಫೋನು ಮಾಡಿ ಅತ್ತುಬಿಟ್ಟೆ, ಬೇರೆ ಮುಖಪುಟ ಹಾಕಿ ಎಂದು ಬೇಡಿದೆ. ಪ್ರತಿಗಳೆಲ್ಲ ಅಂಗಡಿಗಳಿಗೆ ಹೋಗಿವೆ ಮೇಡಂ, ಓದುಗರೆಲ್ಲ ಮುಖಪುಟವನ್ನೇ ಹೊಗಳುತ್ತಿದ್ದಾರೆ ಎಂದರು ಅವರು, ಸಂತೋಷದ ದನಿಯಲ್ಲಿ.

ಅದನ್ನು ಹೇಳಲು ನಾನೇ ಲಿಂಗಸೂಗೂರಿಗೆ ಹೋದೆ. ಅವ್ವ ಅಂಗಳದ ನೆರಳಿನಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು, ಸಿಟ್ಟಾಗಲಿಲ್ಲ. ಮೊಣಕಾಲು ನೋವು ಹೇಗಿದೆ ಎಂದು ನನ್ನನ್ನೇ ವಿಚಾರಿಸಿದಳು, ಮನೆಯ ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತಿದ್ದೀಯಾ ಎಂದಳು. ಒಳಗೆ ಸೊಸೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಬದನೆಕಾಯಿ ಪಲ್ಲೆಯ ವಾಸನೆ ಅಂಗಳದವರೆಗೂ ಬಂದಿತ್ತು. ಒಂದು ಗಂಟೆಯ ಬಸ್ಸಿಗೆಂದು ನಾನು ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಬೇಕೆಂದೇ ಸ್ವಲ್ಪ ಹೊತ್ತು ನಿಂತೆ. ಅವ್ವ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು. ನಾನು ಹುಟ್ಟಿದಂದಿನಿಂದ ಮೊದಲ ಸಲ, ಹೊರಟು ನಿಂತ ನನಗೆ ಅವಳು ಉಂಡು ಹೋಗು ಅನ್ನಲಿಲ್ಲ.